ಒಂದೇ ಮನೆಯ ಎರಡು ಅರ್ಜಿ

ಒಂದೇ ಮನೆಯಿಂದ ಪಂಚಾಯಿತಿಗೆ ಎರಡು ಅರ್ಜಿ ಹೋಗಿವೆ ಎಂಬ ಸುದ್ದಿ ಕೆಂಚಮ್ಮನಿಗೆ ಗೊತ್ತಾದದ್ದು ಮನೆಯಲ್ಲಲ್ಲ, ರೇಷನ್ ಅಂಗಡಿಯ ಸಾಲಿನಲ್ಲಿ. ಹೇಳಿದವಳು ಮೇಲಿನ ಕೇರಿಯ ಹುಲಿಯಮ್ಮ.

“ಏನ್ ಕೆಂಚಕ್ಕ, ನಿಮ್ಮನೇಲಿ ಒಲೆ ಒಂದೋ ಎರಡೋ?”

“ಒಂದೇ. ಯಾಕವ್ವ?”

“ಅಲ್ಲ, ನೀರು ಬಿಡೋ ಕೆಲಸಕ್ಕೆ ಮಗಂದೊಂದು ಅರ್ಜಿ, ಸೊಸೇದೊಂದು ಅರ್ಜಿ ಬಿದ್ದೈತಂತೆ. ಪಾಲಾಗ್ಬುಟ್ರೇನೋ ಅಂದ್ಕಂಡೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೆಂಚಮ್ಮನೂ ನಕ್ಕಳು, ನಗದಿದ್ದರೆ ಇನ್ನೂ ನಾಲ್ಕು ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅಕ್ಕಿಚೀಲ ತಲೆಯ ಮೇಲೆ ಹೊತ್ತು ಮನೆ ಮುಟ್ಟುವಷ್ಟರಲ್ಲಿ ಆ ನಗು ಒಣಗಿತ್ತು.

ಬಾಳೆಕೊಪ್ಪಲಿಗೆ ನೀರು ಬಿಡುವ ಕೆಲಸ ಅವಳ ಗಂಡ ಚಲುವಯ್ಯನದು. ಊರಿನವರ ಬಾಯಲ್ಲಿ ನೀರುಗಂಟಿ, ಪಂಚಾಯಿತಿ ಕಾಗದದಲ್ಲಿ ವಾಟರ್‌ಮನ್. ಇಪ್ಪತ್ತಾರು ವರ್ಷ ಮಾಡಿದ. ಮೂರು ವರ್ಷದ ಹಿಂದೆ ಗುಡ್ಡದ ಮೇಲಿನ ಟ್ಯಾಂಕಿನ ಏಣಿಯಿಂದ ಜಾರಿ ಮಂಡಿ ಕೆಡಿಸಿಕೊಂಡ ಮೇಲೆ ದಿನಾ ಗುಡ್ಡ ಹತ್ತುವುದು ಅವನಿಂದ ಆಗಲಿಲ್ಲ. ಅಂದಿನಿಂದ ಸೊಸೆ ನಯನಾ ಮಾವನ ಖಾಕಿ ಅಂಗಿಯನ್ನು ಚೂಡಿದಾರದ ಮೇಲೆ ತೊಟ್ಟು, ಬೀಗದ ಕೈ ಗೊಂಚಲು ಹಿಡಿದು ಹೊರಡುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಕೆಳಗಿನ ಕೇರಿಗೆ ನೀರು, ಹತ್ತೂವರೆಗೆ ಮೇಲಿನ ಕೇರಿಗೆ. ಮೋಟಾರು ಹಾಕುವುದು, ಪೈಪು ಒಡೆದರೆ ಅಗೆದು ಸರಿಮಾಡುವುದು, ತಿಂಗಳಿಗೆ ಎರಡು ಸಲ ಟ್ಯಾಂಕಿಗಿಳಿದು ತೊಳೆಯುವುದು ಎಲ್ಲವೂ ಅವಳದೇ. ಚಲುವಯ್ಯ ವಾರಕ್ಕೊಮ್ಮೆ ಮಗ ಅರುಣನ ಬೈಕಿನ ಹಿಂದೆ ಕೂತು ಪಂಚಾಯಿತಿ ಆಫೀಸಿಗೆ ಹೋಗಿ ಏಳು ದಿನದ ಸಹಿ ಹಾಕಿ ಬರುತ್ತಿದ್ದ. ನಲ್ಲಿಯಲ್ಲಿ ನೀರು ಬಂದರೆ ಊರಿನವರು ಇಂದಿಗೂ “ಚಲುವಯ್ಯ ನೀರು ಬಿಟ್ಟ” ಎನ್ನುತ್ತಿದ್ದರು. ನೀರು ಬರದಿದ್ದರೆ ಮಾತ್ರ “ಎಲ್ಲೋದ್ಲು ಆ ನಯನಾ?” ಎನ್ನುತ್ತಿದ್ದರು.

ಬರುವ ತಿಂಗಳು ಚಲುವಯ್ಯನಿಗೆ ಅರವತ್ತು ತುಂಬುತ್ತಿತ್ತು. ಆ ಜಾಗಕ್ಕೆ ಪಂಚಾಯಿತಿಯವರು ಅರ್ಜಿ ಕರೆದಿದ್ದರು.

ಅಂದು ಸಂಜೆ ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ. ಕೆಂಚಮ್ಮ ರೊಟ್ಟಿ ತಟ್ಟುತ್ತ ಮಾತು ತೆಗೆದಳು.

“ಎರಡು ಅರ್ಜಿ ಯಾಕೆ ಹೋದವು? ಊರೋರೆಲ್ಲ ನಗ್ತಾವ್ರೆ.”

ಚಲುವಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. “ಒಂದೇ ಹೋಗಿದ್ದು. ಇನ್ನೊಂದು ನಂಗೆ ಗೊತ್ತಿಲ್ದಂಗೆ ಹೋಗಿದ್ದು.”

“ಗೊತ್ತಿಲ್ದಂಗೆ ಹೋಗಿಲ್ಲ ಮಾವ,” ಎಂದಳು ನಯನಾ. “ಮೊನ್ನೆ ನಿಮ್ಮ ಮುಂದೇನೇ ಕೇಳಿದ್ನಲ್ಲ. ನೀವು ರೇಡಿಯೋ ಜೋರು ಮಾಡ್ಕಂಡ್ರಿ.”

“ನೋಡಮ್ಮ, ಹೆಸರು ಅರುಣಂದು ಇರ್ಲಿ. ಕೆಲಸ ಹೆಂಗೂ ನೀನು ಮಾಡ್ತಿದೀಯ, ಹಂಗೇ ಮಾಡ್ಕಂಡು ಹೋಗು. ಏನ್ ವ್ಯತ್ಯಾಸ ಆಯ್ತದೆ?”

“ವ್ಯತ್ಯಾಸ ಇಲ್ಲ ಅಂದ್ಮೇಲೆ ನನ್ನ ಹೆಸರೇ ಇರ್ಲಿ ಬುಡಿ.”

ಅರುಣ್ ಪಕ್ಕನೆ ನಕ್ಕುಬಿಟ್ಟ. ಅಪ್ಪ ದುರುಗುಟ್ಟಿ ನೋಡಿದ ಮೇಲೆ ರೊಟ್ಟಿ ಮುರಿಯುವುದರಲ್ಲಿ ಮಗ್ನನಾದ. ಅವನು ಎಸ್ಟೇಟುಗಳಲ್ಲಿ ಮರಗಸಿ ಮಾಡುವವನು. ನೆರಳಿನ ಮರ ಹತ್ತಿ ಕೊಂಬೆ ಇಳಿಸುವುದರಲ್ಲಿ ಅವನನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ.

“ನೀನ್ಯಾಕ್ಲಾ ಅರ್ಜಿ ಹಾಕ್ದೆ?” ಎಂದು ಕೆಂಚಮ್ಮ ಕೇಳಿದಳು.

“ಅಪ್ಪ ಸೈನ್ ಹಾಕು ಅಂತು, ಹಾಕ್ದೆ. ಇವಳು ಹಾಕ್ತೀನಿ ಅಂದ್ಲು, ಹಾಕು ಅಂದೆ.”

“ಇಬ್ರಿಗೂ ಹ್ಞೂಂ ಅಂತೀಯಲ್ಲ, ನೀನೇನು ಕೋಲೆಬಸವನಾ?”

“ಇದೇ ಆಗಿದ್ದು,” ಎಂದು ಚಲುವಯ್ಯ ತಟ್ಟೆ ಸರಿಸಿದ. “ಮೆಂಬರ್ ಜಯಕುಮಾರ ಕಾಯ್ತಾ ಕೂತವ್ನೆ. ಅವನ ಅಕ್ಕನ ಮಗ ಅಭಿಷೇಕಂದೂ ಒಂದು ಅರ್ಜಿ ಹಾಕ್ಸವ್ನೆ. ಮನೆಯೋರೇ ಒಪ್ಪಿಲ್ಲ ಅಂತ ತೋರ್ಸಿ ಅವನಿಗೆ ಮಾಡ್ಕೊಡ್ತಾನೆ. ಆಮೇಲೆ ಹೆಸರೂ ಇಲ್ಲ, ಕೆಲಸಾನೂ ಇಲ್ಲ. ಕೂತ್ಕಂಡು ರೊಟ್ಟಿ ತಟ್ರಿ.”

ಕೈ ತೊಳೆದು ಹೊರಗೆ ಹೋದ. ಕೆಂಚಮ್ಮನಿಗೂ ಆ ಹೊತ್ತು ಗಂಡನ ಮಾತೇ ಸರಿ ಅನ್ನಿಸಿತು. “ವಾಪಸ್ ತಗಂಬುಡು ನಯನಾ. ಮನೆ ಮಾನ ಬೀದೀಲಿ ಯಾಕೆ?” ಎಂದಳು. ನಯನಾ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಬೂದಿ ಹಾಕಿ ತಿಕ್ಕುವ ಸದ್ದು ಆವತ್ತು ಸ್ವಲ್ಪ ಜೋರಾಗಿಯೇ ಇತ್ತು.

ಮರುದಿನದಿಂದ ಚಲುವಯ್ಯ ಸೊಸೆಯ ಜೊತೆ ಮಾತು ಬಿಟ್ಟ. ಅವಳು ಕಾಫಿ ತಂದಿಟ್ಟರೆ ಆರುವ ತನಕ ನೋಡುತ್ತ ಕೂತಿದ್ದು, “ಕೆಂಚಿ, ಕಾಫಿ ಕೊಡು” ಎಂದು ಕೂಗುತ್ತಿದ್ದ. ಕೆಂಚಮ್ಮ ಅದೇ ಲೋಟವನ್ನು ಒಳಗೆ ಒಯ್ದು, ಬಿಸಿ ಮಾಡಿ, ತಂದು ಕೊಡುತ್ತಿದ್ದಳು. ಅರುಣ್ ಬಿಸಿಲೆ ಘಾಟಿ ಕಡೆ ಇಪ್ಪತ್ತು ದಿನದ ಕೆಲಸ ಸಿಕ್ಕಿತೆಂದು ಹೊರಟುಹೋದ. ಹೋಗುವಾಗ, “ಅವ್ವ, ಸರಿಹೋದ ಮೇಲೆ ಫೋನ್ ಮಾಡು, ಬರ್ತೀನಿ” ಎಂದ. ಆರು ವರ್ಷದ ಮೊಮ್ಮಗಳು ಚಿನ್ನು ತಾತನಿಗೂ ಅಮ್ಮನಿಗೂ ನಡುವೆ ಸುದ್ದಿ ಸಾಗಿಸುವ ಕೆಲಸ ಹಿಡಿದಳು. “ಅಮ್ಮಾ, ತಾತ ಹೇಳ್ತು, ಟ್ಯಾಂಕಿಗೆ ಪೌಡರ್ ಹಾಕೋ ದಿನ ಅಂತೆ ಇವತ್ತು.” “ಹಾಕಾಯ್ತು ಅಂತ ಹೇಳು ತಾತಂಗೆ.”

ಒಂದು ದಿನ ಹನ್ನೊಂದಾದರೂ ನಯನಾ ತಿಂಡಿಗೆ ಬರಲಿಲ್ಲ. ಕೆಂಚಮ್ಮ ಡಬ್ಬಿಯಲ್ಲಿ ಉಪ್ಪಿಟ್ಟು ಹಾಕಿಕೊಂಡು ಹುಡುಕುತ್ತ ಹೋದಳು. ಮೇಲಿನ ಕೇರಿಗೆ ತಿರುಗುವ ದಾರಿಯಲ್ಲಿ ಸೊಸೆ ಗುದ್ದಲಿಯನ್ನು ತಲೆಕೆಳಗು ಮಾಡಿ, ಮರದ ಕಾವನ್ನು ನೆಲಕ್ಕೆ ಊರಿ, ಮೇಲಿನ ಕಬ್ಬಿಣಕ್ಕೆ ಕಿವಿ ಆನಿಸಿ ನಿಂತಿದ್ದಳು. ಎರಡು ಹೆಜ್ಜೆ ಮುಂದೆ ಹೋಗುವಳು, ಊರುವಳು, ಮತ್ತೆ ಕೇಳುವಳು.

“ಏನೇ ಅದು, ನೆಲದ ಜೊತೆ ಗುಟ್ಟು?”

“ಪೈಪು ಎಲ್ಲೋ ಸೋರ್ತೈತೆ ಅತ್ತೆ. ಸೋರೋ ಜಾಗದಲ್ಲಿ ಗುಂಯ್ ಅಂತದೆ. ಇಲ್ಲಿ ಕಿವಿ ಇಡಿ.”

ಕೆಂಚಮ್ಮ ಇಟ್ಟಳು. ನೆಲದೊಳಗೆ ಜೇನು ಕೂತಂತೆ ಸದ್ದು.

“ಯಾರೇ ಕಲಿಸ್ದೋರು?”

“ಇನ್ಯಾರು, ಮಾವ.”

ನಯನಾ ಅಲ್ಲೇ ಅಗೆದಳು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಒದ್ದೆ ಮಣ್ಣು ಸಿಕ್ಕಿತು. ಉಪ್ಪಿಟ್ಟು ತಿನ್ನುವಾಗಲೂ ಒಂದು ಕೈಯಲ್ಲಿ ಪೈಪಿನ ಬಿರುಕು ಒತ್ತಿ ಹಿಡಿದಿದ್ದಳು. ಕೆಂಚಮ್ಮ ಖಾಲಿ ಡಬ್ಬಿ ಹಿಡಿದು ಮನೆಗೆ ಬಂದವಳು, ವಾಪಸ್ ತಗೋ ಎನ್ನುವ ಮಾತನ್ನು ಮತ್ತೆ ಎತ್ತಲಿಲ್ಲ.

ಗ್ರಾಮಸಭೆ ಬುಧವಾರ ಹನ್ನೊಂದು ಗಂಟೆಗೆ, ಶಾಲೆಯ ಮೈದಾನದಲ್ಲಿ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ನೀರುಗಂಟಿ ಜಾಗದ ವಿಷಯ ಅಲ್ಲೇ ತೀರ್ಮಾನವಾಗಬೇಕಿತ್ತು. ಕೆಂಚಮ್ಮ ಅವರೆಕಾಳು ಸೋಸುತ್ತ ಕೂತಿದ್ದವಳು ತಟ್ಟನೆ ಕೇಳಿದಳು: “ಅಲ್ವೇ ನಯನಾ, ಹನ್ನೊಂದಕ್ಕೆ ಮೇಲಿನ ಕೇರಿಗೆ ನೀರು ಬರ್ತಿರ್ತದೆ. ಹೆಂಗಸ್ರು ಸಭೆಗೆ ಹೆಂಗೆ ಬರ್ತಾರೆ?”

“ಯಾವತ್ತು ಬಂದವ್ರೆ ಅತ್ತೆ? ಅದಕ್ಕೇ ಬರಾಕಿಲ್ಲ.”

“ಅವತ್ತೊಂದು ದಿನ ಬೇಗ ನೀರು ಬುಟ್ಬುಡು. ನಿನ್ನ ಪರ ಕೈ ಎತ್ತೋರು ಅವರೇ ಅಲ್ವೇ?”

ನಯನಾ ಒಂದು ಹಿಡಿ ಅವರೆಕಾಳು ತನ್ನ ಕಡೆ ಎಳೆದುಕೊಂಡಳು. “ನನ್ನ ಅನುಕೂಲಕ್ಕೆ ಊರಿನ ನೀರಿನ ಟೈಮ್ ತಿರುಗಿಸಿದ್ರೆ ನಾಳೆ ಜಯಕುಮಾರಣ್ಣ ಅದನ್ನೇ ಹಿಡ್ಕೊತಾರೆ. ಬ್ಯಾಡ. ಕೆಲಸ ಇನ್ನೂ ಮಾವನ ಹೆಸರಲ್ಲೈತೆ. ಟೈಮ್ ಬದಲಾಯಿಸೋದಾದ್ರೆ ಅವರು ಹೇಳ್ಬೇಕು.”

ಮಾವ ಹೇಳುವ ಹಾಗಿರಲಿಲ್ಲ. ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಕೆಂಚಮ್ಮ ಗಂಡನನ್ನು ತಡವಿಕೊಂಡಳು.

“ಸಭೇಲಿ ನಿಂತು ಒಂದು ಮಾತು ಹೇಳ್ರಿ. ಮೂರು ವರ್ಷ ಸೊಸೆ ಮಾಡಿದ್ಲು ಅಂತ.”

“ಹೇಳ್ಬುಟ್ರೆ? ಮೂರು ವರ್ಷ ಕೂತು ಸಂಬಳ ತಿಂದೆ ಅಂತಾರೆ. ರಿಟೈರ್ ಆದ್ಮೇಲೆ ಬರೋದನ್ನೂ ತಡೀತಾರೆ. ಇಪ್ಪತ್ತಾರು ವರ್ಷದ್ದು ಕಣೇ!”

ಕೋಪವಲ್ಲ, ಹೆದರಿಕೆ. ಇಷ್ಟು ದಿನ ಅವನು ಮುಖ ಗಂಟುಹಾಕಿಕೊಂಡಿದ್ದು ಇದಕ್ಕೆ ಎಂದು ಕೆಂಚಮ್ಮನಿಗೆ ಆಗ ಗೊತ್ತಾಯಿತು. ಸಾರು ಬಡಿಸಿ, ಮೆಲ್ಲಗೆ ಹೇಳಿದಳು.

“ನಾನು ಎಸ್ಟೇಟಲ್ಲಿ ಹದಿನೆಂಟು ವರ್ಷ ಕಾಫಿ ಹಣ್ಣು ಕುಯ್ದೆ. ನೀರು ಬುಟ್ಟಾದ್ಮೇಲೆ ನೀವೂ ಬರ್ತಿದ್ರಿ. ಲೆಕ್ಕ ಬರೆಯೋ ರೈಟರಪ್ಪ ಇಬ್ರದ್ದೂ ಒಂದೇ ಹೆಸರಿಗೆ ಬರ್ಕೊತೀನಿ, ಸುಲಭ ಆಯ್ತದೆ ಅಂದ. ನೀವೂ ಹ್ಞೂಂ ಅಂದ್ರಿ, ನಾನೂ ಹ್ಞೂಂ ಅಂದೆ. ಆಮೇಲೆ ಪಿಎಫ್ ಕೇಳಾಕೆ ಹೋದ್ರೆ, ಕೆಂಚಮ್ಮ ಅನ್ನೋರು ಈ ಎಸ್ಟೇಟಲ್ಲಿ ಕೆಲಸಾನೇ ಮಾಡಿಲ್ಲ ಅಂದ್ರು. ನೀವು ಪಕ್ಕದಲ್ಲೇ ನಿಂತಿದ್ರಿ.”

ಚಲುವಯ್ಯ ಅನ್ನ ಕಲಸುತ್ತಲೇ ಇದ್ದ. ತುತ್ತು ಎತ್ತಲಿಲ್ಲ.

ಮರುದಿನ ಕೆಂಚಮ್ಮ ಬಸ್ಸು ಹತ್ತಿ ಹೆದ್ದಾರಿ ಬದಿಯಲ್ಲಿದ್ದ ಪಂಚಾಯಿತಿ ಅಧ್ಯಕ್ಷೆ ನಸೀರಾಳ ಮನೆಗೆ ಹೋದಳು. ಅಂಗಳದಲ್ಲಿ ನಸೀರಾಳ ಗಂಡ ಮುನೀರ್ ಕಾಫಿ ಮೂಟೆಗಳನ್ನು ಗಾಡಿಗೆ ಏರಿಸುತ್ತಿದ್ದ.

“ಅಧ್ಯಕ್ಷರು ಒಳಗವ್ರೆ ಕೆಂಚಮ್ಮ, ಹೋಗಿ. ಮೊದಲೆಲ್ಲ ಜನ ನನ್ನನ್ನೇ ಕೇಳೋರು. ಈಗ ನಂಗೂ ಅಪಾಯಿಂಟ್‌ಮೆಂಟ್ ಬೇಕು,” ಎಂದು ನಕ್ಕ.

ನಸೀರಾ ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ಪಿಡಿಒ ಬಸವರಾಜು ಅವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಅತ್ತಿಂದ ಬಸವರಾಜು ನಿಟ್ಟುಸಿರು ಬಿಟ್ಟದ್ದು ಇಲ್ಲಿಗೇ ಕೇಳಿಸಿತು.

“ಮೇಡಂ, ಅವರ ಸೊಸೆ ನೀರು ಬಿಡೋದನ್ನ ಮೂರು ವರ್ಷ ನಾನೇ ನೋಡಿದೀನಿ. ಪೈಪ್ ಒಡೆದ್ರೆ ನಾನು ಫೋನ್ ಮಾಡ್ತಿದ್ದಿದ್ದೂ ಆಕೆಗೇ. ತಪ್ಪು ಅಂತಾದ್ರೆ ಮೊದಲ ನೋಟಿಸು ನನಗೆ ಬರಬೇಕು. ಚಲುವಯ್ಯಂದು ಯಾರೂ ತಡೆಯಲ್ಲ, ಹೇಳಿ.”

“ಕೇಳಿಸ್ತಾ ಕೆಂಚಮ್ಮ?” ಎಂದಳು ನಸೀರಾ. “ಆದ್ರೆ ಕೆಲಸ ಯಾರಿಗೆ ಅಂತ ನಾನು ಮಾತು ಕೊಡಲ್ಲ. ಸಭೆ ಏನು ಹೇಳುತ್ತೋ ಅದನ್ನ ಬರೆದು ಮೇಲಕ್ಕೆ ಕಳಿಸೋದು. ಹೋದ ಸಲ ಸಭೇಲಿ ಹೆಂಗಸರು ಅಂತ ಇದ್ದಿದ್ದು ನಾಲ್ಕೇ ಜನ, ನನ್ನನ್ನೂ ಸೇರಿಸಿ.”

ಕೆಂಚಮ್ಮ ಮನೆಗೆ ಬಂದು ಬಸವರಾಜು ಹೇಳಿದ್ದನ್ನು ಅಕ್ಷರ ಬಿಡದೆ ಗಂಡನಿಗೆ ಒಪ್ಪಿಸಿದಳು. ಹೆಂಗಸರ ವಿಷಯವನ್ನೂ ಹೇಳಿದಳು. ಅವನು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತ.

ಬುಧವಾರ ಬೆಳಿಗ್ಗೆ ಐದೂವರೆಗೆ ನಯನಾ ಅಂಗಿ ತೊಟ್ಟು ನೋಡಿದರೆ ಮೊಳೆಯಲ್ಲಿ ಬೀಗದ ಕೈ ಇಲ್ಲ. ಚಲುವಯ್ಯನ ಹಾಸಿಗೆಯೂ ಖಾಲಿ. ಸಭೆಗೆಂದು ಹಿಂದಿನ ಸಂಜೆ ಬಿಸಿಲೆಯಿಂದ ಬಂದಿದ್ದ ಅರುಣ್ ಕಣ್ಣುಜ್ಜಿಕೊಂಡು ಹೊರಗೆ ಬಂದ.

“ಬೇಕು ಅಂತಾನೇ ತಗಂಡು ಹೋಗವ್ರೆ,” ಎಂದಳು ನಯನಾ. “ಸಭೆ ದಿನಾನೇ ನೀರು ಬರ್ದೇ ಇದ್ರೆ, ನೋಡಿ ಇವಳ ಕೈಲಿ ಆಗಾಕಿಲ್ಲ ಅಂತ ತೋರ್ಸಾಕೆ.”

ಕೆಂಚಮ್ಮನಿಗೂ ಹಾಗೇ ಅನ್ನಿಸಿತು. ನಲವತ್ತು ವರ್ಷ ಬಾಳಿದ ಗಂಡಸು ಇಷ್ಟು ಕೆಳಗಿಳಿದನೇ ಎಂದುಕೊಳ್ಳುತ್ತ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದಳು. ಮೂವರೂ ಗುಡ್ಡದ ದಾರಿ ಹಿಡಿದರು. ಆನೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅರುಣ್ ಮುಂದೆ ಹೋಗಿ ಕೂಗು ಹಾಕುತ್ತಿದ್ದ. ಮೇಲೆ ಹೋಗಿ ನೋಡಿದರೆ, ಟ್ಯಾಂಕಿನ ಬುಡದ ಕಲ್ಲಿನ ಮೇಲೆ ಚಲುವಯ್ಯ ಕಾಲು ಚಾಚಿ ಕೂತಿದ್ದಾನೆ, ಗೆದ್ದವನ ಹಾಗೆ.

“ನಾಲ್ಕೂವರೆಗೇ ಬಂದೆ ಕಣೇ ಕೆಂಚಿ,” ಎಂದ. “ಮೇಲಿನ ಕೇರಿಗೆ ಐದಕ್ಕೇ ಬುಟ್ಬುಟ್ಟೆ. ಹೆಂಗಸ್ರು ತುಂಬ್ಕಂಡು ಹನ್ನೊಂದಕ್ಕೆ ಸಭೆಗೆ ಬರ್ಲಿ.”

ಕೆಂಚಮ್ಮನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ನಯನಾ ಮಾತ್ರ ವಾಲ್ವುಗಳ ಕಡೆ ಓಡಿದಳು.

“ಮಾವ, ಯಾವುದು ತಿರುಗಿಸಿದ್ರಿ?”

ಮೂರು ವಾರದಲ್ಲಿ ಮೊದಲ ಸಲ ಅವನು ಸೊಸೆಗೆ ಬಾಯಿಬಿಟ್ಟ. “ಮಧ್ಯದ್ದು. ಮೇಲಿನ ಕೇರೀದು ಮಧ್ಯದ್ದಲ್ವಾ?”

“ಅದು ಹೊಸ ಪೈಪು ಹಾಕೋಕೆ ಮುಂಚೆ! ಈಗ ಮಧ್ಯದ್ದು ಟ್ಯಾಂಕ್ ತೊಳೆದ ನೀರು ಹೊರಗೆ ಹೋಗೋದು!”

ಐದು ಗಂಟೆಯಿಂದ ಟ್ಯಾಂಕಿನ ನೀರೆಲ್ಲ ಶಾಲೆಯ ಹಿಂದಿನ ಹಳ್ಳಕ್ಕೆ ಹರಿಯುತ್ತಿತ್ತು. ಅರುಣ್ ಏಣಿ ಹತ್ತಿ ಒಳಗೆ ಇಣುಕಿ, “ತಳ ಕಾಣ್ತೈತೆ” ಎಂದ. ಚಲುವಯ್ಯನ ಮುಖ ನೋಡುವ ಹಾಗಿರಲಿಲ್ಲ. ನಯನಾ ವಾಲ್ವು ಮುಚ್ಚಿ, ಬೀಗದ ಕೈ ಇಸಿದುಕೊಂಡು, ಕೆಳಗಿನ ಮೋಟಾರು ಮನೆಗೆ ಇಳಿದಳು. ಮೂರು ಫೇಸ್ ಕರೆಂಟು ಬರುವುದು ಒಂಬತ್ತಕ್ಕೆ. ಟ್ಯಾಂಕು ತುಂಬಿ ನೀರು ಬಿಡುವಷ್ಟರಲ್ಲಿ ಮಧ್ಯಾಹ್ನ ಒಂದು. ಮೋಟಾರು ಬಿಟ್ಟು ಬರುವಂತಿಲ್ಲ.

“ನೀವು ಸಭೆಗೆ ಹೋಗಿ ಅತ್ತೆ. ನಾನು ಬರಾಕಾಗಲ್ಲ,” ಎಂದಳು.

ಹನ್ನೊಂದು ಗಂಟೆಗೆ ಶಾಲೆಯ ಮೈದಾನದಲ್ಲಿ ಕುರ್ಚಿ ಹಾಕಿ ಗಂಡಸರು ಇಪ್ಪತ್ತು ಮಂದಿ ಕೂತಿದ್ದರು. ಹನ್ನೊಂದೂ ಕಾಲಿಗೆ ರಸ್ತೆಯ ತಿರುವಿನಲ್ಲಿ ಖಾಲಿ ಕೊಡಗಳ ಸದ್ದು ಕೇಳಿಸಿತು. ಮೇಲಿನ ಕೇರಿ, ಕೆಳಗಿನ ಕೇರಿ ಎರಡೂ ಸೇರಿ ಐವತ್ತಕ್ಕೂ ಹೆಚ್ಚು ಹೆಂಗಸರು, ಹುಲಿಯಮ್ಮ ಎಲ್ಲರ ಮುಂದೆ.

“ಅಧ್ಯಕ್ಷರೇ, ಬೆಳಿಗ್ಗೆಯಿಂದ ಒಂದು ತೊಟ್ಟು ನೀರಿಲ್ಲ. ಎಲ್ಲಿ ಆ ನಯನಾ?”

“ನೀರಿಂದು ಆಮೇಲೆ ಹುಲಿಯಮ್ಮ,” ಎಂದು ಜಯಕುಮಾರ್ ಕೈ ಬೀಸಿದ. “ಮೊದಲು ನೀರುಗಂಟಿ ಜಾಗದ ವಿಷಯ.”

“ಓಹೋ, ಅದು ಬೇರೆ ಇದು ಬೇರೇನಾ? ಹಂಗಾದ್ರೆ ನಾವು ಕೂತ್ಕೊತೀವಿ.” ಕೊಡ ಬೋರಲು ಹಾಕಿ ಅದರ ಪಕ್ಕ ಕೂತಳು. ಉಳಿದವರೂ ಕೂತರು.

ಬಸವರಾಜು ಮೂರು ಅರ್ಜಿ ಓದಿದರು. ಜಯಕುಮಾರ್ ಎದ್ದು ನಿಂತ. “ಒಂದೇ ಮನೆಯಿಂದ ಎರಡು ಬಂದವೆ. ಅವರಿಗೇ ಒಮ್ಮತ ಇಲ್ಲ. ಮೂರನೆಯೋರಿಗೆ ಕೊಡೋದು ನ್ಯಾಯ.”

“ನಂದು ವಾಪಸ್ ತಗಳ್ಳಿ,” ಎಂದು ಅರುಣ್ ಹಿಂದಿನಿಂದ ಕೂಗಿದ. “ಆ ಮೂರು ವಾಲ್ವಲ್ಲಿ ಯಾವುದು ಯಾತಕ್ಕೆ ಅಂತ ನಂಗೆ ಇವತ್ತೂ ಗೊತ್ತಿಲ್ಲ.”

“ಸರಿ, ಹೆಂಗಸು ಗುಡ್ಡ ಹತ್ತಿ ಹೋಗ್ಬೇಕು. ಆನೆ ಓಡಾಡೋ ಜಾಗ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?”

“ಯಾಕೆ ಜಯಕುಮಾರಣ್ಣ,” ಎಂದಳು ಹುಲಿಯಮ್ಮ, “ನಿಮ್ಮ ಅಭಿಷೇಕನ್ನ ಕಂಡ್ರೆ ಆನೆ ಸಲಾಮ್ ಹೊಡೀತದಾ?”

ಅಭಿಷೇಕನೇ ತಲೆ ತಗ್ಗಿಸಿ ನಕ್ಕ. ನಗೆಯೆಲ್ಲ ಇಳಿದ ಮೇಲೆ ಜಯಕುಮಾರ್ ಕೊನೆಯ ಪಟ್ಟು ಹಾಕಿದ. “ಅನುಭವ ಇದ್ದೋರಿಗೆ ಕೊಡ್ಬೇಕು ಅಂತೀರಿ. ರಿಜಿಸ್ಟರ್ ನೋಡಿ. ಆಯಮ್ಮ ಒಂದು ದಿನಾನೂ ಕೆಲಸ ಮಾಡಿದ್ದು ಇಲ್ಲ ಅದರಲ್ಲಿ.”

ಕೆಂಚಮ್ಮ ಎದ್ದಳು. ಸಭೆಯಲ್ಲಿ ಎದ್ದು ನಿಂತದ್ದು ಅವಳ ಜನ್ಮದಲ್ಲೇ ಮೊದಲು. ಸೆರಗಿನ ತುದಿ ಕೈಯಲ್ಲಿ ಸುತ್ತಿ ಸುತ್ತಿ ಹಗ್ಗವಾಗಿತ್ತು.

“ರಿಜಿಸ್ಟರಲ್ಲಿ ಇಲ್ಲ, ದಿಟ. ನೀವೆಲ್ಲ ಮನೇಲಿ ನೀರು ಕುಡುದ್ರಲ್ಲ, ಅದರಲ್ಲೈತೆ. ನನ್ನ ಸೊಸೆ ಈಗ ಎಲ್ಲವ್ಳೆ ಗೊತ್ತಾ? ಅವಳ ಕೆಲಸದ ತೀರ್ಮಾನ ಇಲ್ಲಿ ಆಗ್ತೈತೆ, ಅವಳು ಮೋಟಾರ್ ಮನೇಲಿ ನಿಮಗೆ ನೀರೆತ್ತುತಾವ್ಳೆ.” ಹೇಳಿ ಮುಗಿಸಿ ಗಂಡನ ಕಡೆ ತಿರುಗಿ ನಿಂತಳು, ಅಷ್ಟೇ.

ಚಲುವಯ್ಯ ಕುರ್ಚಿಯ ಕೈ ಹಿಡಿದು ಎದ್ದ. “ಮೂರು ವರ್ಷದಿಂದ ನಾನು ವಾಲ್ವ್ ಮುಟ್ಟಿರಲಿಲ್ಲ. ಎಲ್ಲಾ ಸೊಸೇನೇ ಮಾಡಿದ್ದು. ಇವತ್ತು ನಾನು ಮುಟ್ದೆ.” ಸುತ್ತಲಿನ ಖಾಲಿ ಕೊಡಗಳನ್ನು ನೋಡಿದ. “ನೋಡಿದ್ರಲ್ಲ ಏನಾಯ್ತು ಅಂತ.”

ಹೆಂಗಸರು ತಂತಮ್ಮ ಕೊಡಗಳತ್ತ ನೋಡಿದರು. ಆಮೇಲೆ ಹುಲಿಯಮ್ಮ ಕೊಡಕ್ಕೆ ಕೈ ಬಡಿದು ನಕ್ಕಳು, ಮೈದಾನವೆಲ್ಲ ನಕ್ಕಿತು, ಚಲುವಯ್ಯನೂ. ನಸೀರಾ ನಗು ತಡೆದುಕೊಂಡು, “ನಯನಾ ಪರ ಇರೋರು ಕೈ ಎತ್ತಿ” ಎಂದಳು. ಬಸವರಾಜು ಎಣಿಸಲು ಹೋಗಿ ನಡುವೆ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸಿದರು. ಮೇಲಕ್ಕೆ ಹೋಗುವ ಕಾಗದವನ್ನು ಅಲ್ಲೇ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು.

ಒಂದು ಗಂಟೆಗೆ ನಲ್ಲಿಗಳು ಗೊರಗೊರ ಎಂದವು. ಹೆಂಗಸರು ಕೊಡ ಎತ್ತಿಕೊಂಡು ಓಡಿದರು. ನಯನಾ ಮನೆಗೆ ಬಂದಾಗ ಎರಡೂವರೆ, ಮೈಯೆಲ್ಲ ಗ್ರೀಸು, ಮಣ್ಣು. ಚಿನ್ನು ಬಾಗಿಲಲ್ಲೇ ಸುದ್ದಿ ಒದರಿದಳು. ನಯನಾ ನಂಬದೆ ಅತ್ತೆಯ ಮುಖ ನೋಡಿದಳು, ಅರುಣನ ಮುಖ ನೋಡಿದಳು. ಜಗುಲಿಯ ಮೇಲಿದ್ದ ಚಲುವಯ್ಯ ಗಂಟಲು ಸರಿಮಾಡಿಕೊಂಡ.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವಳು. ಅನ್ನ ಬಡಿಸೇ ಕೆಂಚಿ,” ಎಂದ. ಆಮೇಲೆ ಸೊಸೆಯ ಕಡೆ ನೋಡದೆ, “ಆ ಮಧ್ಯದ ವಾಲ್ವಿಗೆ ಬಣ್ಣ ಬಳಿದು ಗುರ್ತು ಮಾಡಮ್ಮ. ನನ್ನಂಥೋನು ಇನ್ಯಾವನಾದ್ರೂ ಬಂದಾನು” ಎಂದ.

ಆದೇಶದ ಕಾಗದ ಬರಲು ಆರು ವಾರ ಹಿಡಿಯಿತು. ಆ ಆರು ವಾರವೂ ಕೆಂಚಮ್ಮ ಅಂಚೆಯವನನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಚಲುವಯ್ಯನ ನಿವೃತ್ತಿಯ ಕಾಗದ ಮೊದಲು ಬಂತು, ಯಾವ ತಕರಾರೂ ಇಲ್ಲದೆ. ಹಿಂದೆಯೇ ನಯನಾಳದು. ಅವಳು ಅದನ್ನು ಎರಡು ಸಲ ಓದಿ, ಅತ್ತೆಯ ಕೈಗೆ ಕೊಟ್ಟಳು. ಕೆಂಚಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಸೊಸೆಯ ಹೆಸರು ಹುಡುಕಿ, ಸಿಕ್ಕ ಮೇಲೆ ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು.

ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ, ಕೆಂಚಮ್ಮ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಾಗ, ಅಂಗಳದ ನಲ್ಲಿಯ ಹತ್ತಿರ ಗಂಡನ ಗೊಣಗು ಕೇಳಿಸಿತು. ಕೆಲಸವಿಲ್ಲದ ಗಂಡಸು ಮನೆಗೆ ನೀರಾದರೂ ಹಿಡಿಯಲಿ ಎಂದು ಅವಳೇ ಕೊಡ ಕೊಟ್ಟು ಕೂರಿಸಿದ್ದಳು.

“ಏನೇ ಇದು, ನೂಲಿನಂಗೆ ಬರ್ತೈತೆ! ಒಂದು ಕೊಡಕ್ಕೆ ಅರ್ಧ ಗಂಟೆ ಕೂತ್ಕಬೇಕಾ? ಯಾವ ಸೀಮೆ ನೀರುಗಂಟಿ ಇವಳು? ಬರ್ಲಿ, ಹೇಳ್ತೀನಿ.”

“ನಂಗೂ ಅವಳಿಗೂ ಹೇಳಿದ್ರೆ ಆಗಾಕಿಲ್ಲ,” ಎಂದಳು ಕೆಂಚಮ್ಮ ಒಳಗಿನಿಂದಲೇ. “ಏನಿದ್ರೂ ಪಂಚಾಯ್ತಿಗೆ ಅರ್ಜಿ ಕೊಡ್ರಿ.”